ಓದುಗರ ಪ್ರಶ್ನೆ: ಬಿಟ್ಟುಬಂದ ಮನೆಯ ಮೀಟರಿನ ಠೇವಣಿಯನ್ನು ವಾಪಸ್ ಪಡೆಯುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತು ಇದ್ದವು. ಬಿಟ್ಟುಬಂದ ಮನೆಯ ವಿದ್ಯುತ್ ಸಂಪರ್ಕ, ಒಪ್ಪಿಸಬೇಕಾದ ಗ್ಯಾಸ್ ಸಿಲಿಂಡರ್, ಎಂದೋ ನಿಂತುಹೋದ ಟೆಲಿಫೋನ್ ಮೊದಲಾದವುಗಳ ಮೇಲೆ ಹಿಂದೆ ಕಟ್ಟಿದ ಠೇವಣಿಯನ್ನು ಈಗ ಕೇಳಿ ಪಡೆಯಬಹುದೇ ಎಂಬುದು ಆ ಪತ್ರಗಳ ಪ್ರಶ್ನೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, 1988ರಲ್ಲಿ ಬೆಂಗಳೂರಿನಲ್ಲಿ ನಾನು ಕಟ್ಟಿಸಿದ ಮನೆಯನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಒಪ್ಪಂದದ ಮೇಲೆ ಕೊಟ್ಟೆವು. ಹಳೆಯ ಮನೆ ಕೆಡವಿ ಎರಡು ವರ್ಷವಾಗುತ್ತ ಬಂತು. ಮೀಟರ್ ಏನಾಯಿತೆಂದು ಆಗ ನಾವು ವಿಚಾರಿಸಲಿಲ್ಲ. ಮೊನ್ನೆ ಕಾಗದಪತ್ರ ಹುಡುಕುವಾಗ ಕೆಇಬಿಗೆ ಠೇವಣಿ ಕಟ್ಟಿದ ರಸೀದಿ ಸಿಕ್ಕಿತು. ಕೆಇಬಿಯೇ ಇಲ್ಲವಾದ ಮೇಲೆ ಈ ಹಣವನ್ನು ಯಾರಲ್ಲಿ ಕೇಳಬೇಕು? ಇಷ್ಟು ವರ್ಷದ ಮೇಲೆ ಕೇಳಿದರೆ ಕೊಡುತ್ತಾರೆಯೇ?
— ನಿವೃತ್ತ ನೌಕರರು, ಬೆಂಗಳೂರು

ಉತ್ತರ: ಕೆಇಬಿ ಇಲ್ಲವಾಯಿತೆಂದು ನಿಮ್ಮ ಠೇವಣಿ ಇಲ್ಲವಾಗಿಲ್ಲ. ಕೆಇಬಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ ಜಾಗಕ್ಕೆ 1999ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ (ಕೆಪಿಟಿಸಿಎಲ್) ಬಂತು. 2002ರ ಜೂನ್ 1ರಿಂದ ವಿತರಣೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮತ್ತು ಜೆಸ್ಕಾಂ ಕಂಪನಿಗಳಿಗೆ ಹಂಚಿಹೋಯಿತು. ಮೈಸೂರು ಭಾಗದ ಚಾಮುಂಡೇಶ್ವರಿ ಕಂಪನಿ ಆಮೇಲೆ ರೂಪುಗೊಂಡಿತು. ಗ್ರಾಹಕರ ಖಾತೆಗಳು ಯಾವ ಕಂಪನಿಯ ಪಾಲಿಗೆ ಬಂದವೋ ಆ ಖಾತೆಗಳ ಠೇವಣಿಯ ಹೊಣೆಯೂ ಆ ಕಂಪನಿಯದೇ. ಆದ್ದರಿಂದ ನಿಮ್ಮ ಹಳೆಯ ಮನೆ ಯಾವ ಬೆಸ್ಕಾಂ ಉಪವಿಭಾಗದ ವ್ಯಾಪ್ತಿಯಲ್ಲಿತ್ತೋ ಅಲ್ಲಿಯ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ ನೀವು ಅರ್ಜಿ ಕೊಡಬೇಕು.

ಇದು ಕಂಪನಿಯ ದಾಕ್ಷಿಣ್ಯಕ್ಕೆ ಬಿಟ್ಟ ಸಂಗತಿಯಲ್ಲ. ವಿದ್ಯುತ್ ಕಾಯ್ದೆ 2003ರ 47ನೇ ಕಲಮಿನ ಪ್ರಕಾರ, ವಿತರಣಾ ಕಂಪನಿ ಗ್ರಾಹಕರಿಂದ ಭದ್ರತಾ ಠೇವಣಿ ಪಡೆಯಬಹುದು. ಆದರೆ ಆ ಠೇವಣಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದಷ್ಟು ಅಥವಾ ಅದಕ್ಕಿಂತ ಹೆಚ್ಚು, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಪಡಿಸಿದಂತೆ, ಬಡ್ಡಿ ಕೊಡಬೇಕು ಮತ್ತು ಠೇವಣಿ ಕೊಟ್ಟವರು ಕೋರಿದಾಗ ಅದನ್ನು ಮರಳಿಸಬೇಕು. ‘ಕೋರಿದಾಗ’ ಎಂಬ ಈ ಷರತ್ತನ್ನು ನಮ್ಮಲ್ಲಿ ಬಹಳ ಜನ ಗಮನಿಸುವುದಿಲ್ಲ. ಬಾಡಿಗೆ ಮನೆಯ ಅಡ್ವಾನ್ಸ್‌ನಂತೆಯೇ ಇದೂ ನಿಮ್ಮದೇ ಹಣ. ಆದರೆ ಮನೆ ಖಾಲಿ ಮಾಡಿದ ಮಾತ್ರಕ್ಕೆ ಅದು ತಾನಾಗಿ ಬ್ಯಾಂಕ್ ಖಾತೆಗೆ ಬಂದು ಬೀಳುವುದಿಲ್ಲ, ನೀವು ಬರಹದಲ್ಲಿ ಕೇಳಬೇಕು.

ಕೈಯಲ್ಲಿರುವ ರಸೀದಿಯ ಮೊತ್ತ ನೋಡಿ, ಇಷ್ಟೇ ತಾನೇ ಎಂದು ಸುಮ್ಮನಾಗಬೇಡಿ. 1988ರಲ್ಲಿ ಕಟ್ಟಿದ್ದು ಕೆಲವು ನೂರು ರೂಪಾಯಿ ಇರಬಹುದು. ಆದರೆ ಠೇವಣಿ ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಇರಬೇಕೆಂಬ ನಿಯಮದಂತೆ, ಬಳಕೆ ಏರಿದಾಗಲೆಲ್ಲ ‘ಹೆಚ್ಚುವರಿ ಭದ್ರತಾ ಠೇವಣಿ’ ಎಂದು ಕೇಳಿರುತ್ತಾರೆ, ನೀವು ಬಿಲ್ಲಿನ ಜೊತೆಗೆ ಕಟ್ಟಿರುತ್ತೀರಿ. ಮನೆಗೆ ಗೀಸರ್ ಬಂದ ವರ್ಷ, ಮಹಡಿ ಕಟ್ಟಿಸಿ ಲೋಡ್ ಹೆಚ್ಚಿಸಿಕೊಂಡ ವರ್ಷ ಬಂದ ಅಂಥ ಬೇಡಿಕೆಗಳನ್ನು ನಾವು ಬಿಲ್ಲಿನ ಒಂದು ಭಾಗವೆಂದೇ ತಿಳಿದು ಕಟ್ಟಿ ಮರೆತುಬಿಡುತ್ತೇವೆ. ಅವೆಲ್ಲ ನಿಮ್ಮ ಹೆಸರಿನಲ್ಲಿ ಠೇವಣಿಯಾಗಿಯೇ ಜಮೆಯಾಗಿರಬೇಕು. ಅದಕ್ಕಾಗಿ ಅರ್ಜಿಯಲ್ಲಿ ‘ರಸೀದಿಯಲ್ಲಿರುವ ಮೊತ್ತ’ ಎಂದು ಬರೆಯದೆ, ‘ಈ ಆರ್.ಆರ್. ನಂಬರಿನ ಮೇಲೆ ಇಂದಿನವರೆಗೆ ಜಮೆಯಿರುವ ಆರಂಭಿಕ ಠೇವಣಿ, ಹೆಚ್ಚುವರಿ ಠೇವಣಿ ಮತ್ತು ಹೊಂದಿಸದೆ ಉಳಿದಿರುವ ಬಡ್ಡಿ’ ಎಂದು ಬರೆಯಿರಿ. ಆರ್.ಆರ್. ನಂಬರೆಂದರೆ ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಸಂಖ್ಯೆ. ಇದರ ಜೊತೆಗೆ ಇನ್ನೊಂದನ್ನೂ ತಿಳಿದಿರಬೇಕು: ಸಂಪರ್ಕ ಪಡೆಯುವಾಗ ಕಟ್ಟಿದ ಎಲ್ಲ ಹಣವೂ ಠೇವಣಿಯಲ್ಲ. ಸರ್ವಿಸ್ ಲೈನಿನ ವೆಚ್ಚ, ನೋಂದಣಿ, ಪರಿಶೀಲನೆ, ಮೇಲ್ವಿಚಾರಣೆ ಮುಂತಾದ ಶುಲ್ಕಗಳು ವಾಪಸ್ ಬರುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಮನೆ ಬಿಡುವುದು ಬೇರೆ, ಖಾತೆ ಮುಚ್ಚುವುದು ಬೇರೆ. ಗುತ್ತಿಗೆದಾರರು ಮನೆ ಕೆಡವುವ ಮುನ್ನ ಲೈನ್ ಬಿಚ್ಚಿಸಿರಬಹುದು. ಆದರೆ ಮೀಟರನ್ನು ಕಚೇರಿಗೆ ಒಪ್ಪಿಸಿ, ಕೊನೆಯ ರೀಡಿಂಗ್ ಬರೆಸಿ, ಅಂತಿಮ ಬಿಲ್ ಮಾಡಿಸಿರದಿದ್ದರೆ ಕಂಪನಿಯ ಲೆಕ್ಕದಲ್ಲಿ ನಿಮ್ಮ ಸ್ಥಾವರ, ಅಂದರೆ ಆ ಮನೆಯ ಸಂಪರ್ಕ, ಇನ್ನೂ ಜೀವಂತವಾಗಿರುತ್ತದೆ. ಹಾಗಿದ್ದಲ್ಲಿ ಒಂದು ಯೂನಿಟ್ ಕೂಡ ಬಳಸದಿದ್ದರೂ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ಇಷ್ಟೆಂಬ ನಿಗದಿತ ಶುಲ್ಕ ತಿಂಗಳು ತಿಂಗಳೂ ಬಾಕಿಗೆ ಸೇರುತ್ತ ಹೋಗುತ್ತದೆ, ನಿಮ್ಮ ಠೇವಣಿ ಅದರಲ್ಲೇ ಕರಗುತ್ತದೆ. ಆದ್ದರಿಂದ ಮೊದಲು ಉಪವಿಭಾಗ ಕಚೇರಿಗೆ ಹೋಗಿ, ಆ ಆರ್.ಆರ್. ನಂಬರಿನ ಸ್ಥಿತಿಯೇನು, ಶಾಶ್ವತವಾಗಿ ಕಡಿತವಾಗಿದೆಯೇ, ಯಾವ ದಿನಾಂಕದಿಂದ, ಎಷ್ಟು ಬಾಕಿ ತೋರಿಸುತ್ತಿದೆ ಎಂಬುದನ್ನು ಖಾತೆಯ ಲೆಡ್ಜರ್ ಪ್ರತಿಯೊಡನೆ ಕೇಳಿ ತಿಳಿಯಿರಿ.

ಶಾಶ್ವತ ಕಡಿತ ಆಗಿಲ್ಲವೆಂದಾದರೆ ಆ ದಿನವೇ ಅರ್ಜಿ ಕೊಡಿ. ಮನೆ ಕೆಡವಿದ್ದಕ್ಕೆ ಆಧಾರವಾಗಿ ಬಿಲ್ಡರ್ ಜೊತೆಗಿನ ಒಪ್ಪಂದದ ಪ್ರತಿ, ಹೊಸ ಕಟ್ಟಡದ ನಕ್ಷೆಯ ಮಂಜೂರಾತಿ, ನಿರ್ಮಾಣಕ್ಕಾಗಿ ಅದೇ ನಿವೇಶನದಲ್ಲಿ ಪಡೆದ ತಾತ್ಕಾಲಿಕ ಸಂಪರ್ಕದ ದಾಖಲೆ, ಇವುಗಳಲ್ಲಿ ಸಿಕ್ಕಿದ್ದನ್ನು ಲಗತ್ತಿಸಿ. ಹಳೆಯ ಮನೆಯೇ ಇಲ್ಲದ ಜಾಗದಲ್ಲಿ ಹಳೆಯ ಸಂಪರ್ಕದ ಮೇಲೆ ಶುಲ್ಕ ಏರಿಸಿರುವುದನ್ನು ಕೈಬಿಡಬೇಕೆಂದು ಕಾರಣ ಸಮೇತ ಕೋರಿ. ಕೇಂದ್ರ ಸರ್ಕಾರ 2020ರ ಡಿಸೆಂಬರ್ ಕೊನೆಯಲ್ಲಿ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ಗ್ರಾಹಕರು ಶಾಶ್ವತ ಕಡಿತ ಕೋರಿದಾಗ ಕಂಪನಿ ವಿಶೇಷ ರೀಡಿಂಗ್ ತೆಗೆದು ಅಂತಿಮ ಬಿಲ್ ಕೊಡಬೇಕು. ಬಾಕಿಯೇನಾದರೂ ಇದ್ದರೆ ಠೇವಣಿಯಲ್ಲಿ ಹೊಂದಿಸಿಕೊಂಡು, ಉಳಿದದ್ದನ್ನು ಆಯೋಗ ಗೊತ್ತುಪಡಿಸುವ, ಏಳು ದಿನ ಮೀರದ ಅವಧಿಯಲ್ಲಿ ಮರಳಿಸಬೇಕು. ಈ ನಿಯಮವನ್ನು ಅರ್ಜಿಯಲ್ಲಿ ಹೆಸರಿಸಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ, ಸ್ವೀಕರಿಸಿದವರ ಸಹಿ ಇವೆಲ್ಲ ಬೀಳದೆ ಮೇಜಿನಿಂದ ಏಳಬೇಡಿ. ಮುಂದೆ ತಕರಾರು ಬಂದರೆ ಆ ಪ್ರತಿಯೇ ನಿಮಗೆ ಆಧಾರ.

ಲೆಕ್ಕ ಹೇಗೆ ಬರುತ್ತದೆಂಬುದಕ್ಕೆ ಒಂದು ಉದಾಹರಣೆ. ನಿಮ್ಮ ಖಾತೆಯಲ್ಲಿ 6,000 ರೂಪಾಯಿ ಠೇವಣಿ ಇದೆಯೆಂದೂ, ಬಡ್ಡಿಯನ್ನು ಬ್ಯಾಂಕ್ ದರದಲ್ಲಿಯೇ ಲೆಕ್ಕ ಹಾಕುತ್ತಾರೆಂದೂ ಇಟ್ಟುಕೊಳ್ಳಿ. 2024ರ ಏಪ್ರಿಲ್ 1ರಂದು ಬ್ಯಾಂಕ್ ದರ ಶೇ 6.75 ಇತ್ತು, ಆ ದರದಲ್ಲಿ ವರ್ಷಕ್ಕೆ 405 ರೂಪಾಯಿ ಬಡ್ಡಿ. ಚಾಲ್ತಿಯಲ್ಲಿರುವ ಖಾತೆಗಳಲ್ಲಿ ಈ ಬಡ್ಡಿಯನ್ನು ವರ್ಷಕ್ಕೊಮ್ಮೆ ಬಿಲ್ಲಿನಲ್ಲಿ ಕಳೆದು ತೋರಿಸುತ್ತಾರೆ. ಕೊನೆಯ ಬಿಲ್ 1,450 ರೂಪಾಯಿ ಬಾಕಿಯಿದ್ದು ಒಂದು ವರ್ಷದ ಬಡ್ಡಿ ಹೊಂದಿಸಿರದಿದ್ದರೆ, ನಿಮಗೆ ಬರಬೇಕಾದದ್ದು 4,955 ರೂಪಾಯಿ. ಕಂಪನಿ ಕೊಡುವ ಲೆಕ್ಕದಲ್ಲಿ ಬಡ್ಡಿಯ ಸಾಲು ಬಿಟ್ಟುಹೋಗಿಲ್ಲವೇ ಎಂಬುದನ್ನು ಅವಶ್ಯವಾಗಿ ನೋಡಿ. ಹಾಗೆಯೇ ಯಾವ ಕಾಲದ್ದೋ ಬಾಕಿಯನ್ನು ಹೊಸದಾಗಿ ತೋರಿಸಿದರೆ, ಅದೇ ಕಾಯ್ದೆಯ 56ನೇ ಕಲಮಿನ ಎರಡನೇ ಉಪಕಲಮನ್ನು ನೆನಪಿಸಿ: ಮೊದಲ ಸಲ ಬಾಕಿಯಾದ ದಿನದಿಂದ ಎರಡು ವರ್ಷ ದಾಟಿದ ಮೊತ್ತವನ್ನು, ಅದನ್ನು ಬಾಕಿಯೆಂದು ಬಿಲ್ಲುಗಳಲ್ಲಿ ನಿರಂತರವಾಗಿ ತೋರಿಸುತ್ತ ಬಂದಿರದಿದ್ದರೆ, ವಸೂಲಿ ಮಾಡುವಂತಿಲ್ಲ.

ಉಪವಿಭಾಗದಲ್ಲಿ ‘ಹಳೆಯ ಕಡತ ಸಿಗುತ್ತಿಲ್ಲ’ ಎಂಬ ಉತ್ತರ ಬಂದರೆ ಮಾಹಿತಿ ಹಕ್ಕು ಅರ್ಜಿ ಬಹಳ ಉಪಯೋಗಕ್ಕೆ ಬರುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಆದ್ದರಿಂದ ಮನೆಯ ಕಥೆಯನ್ನೆಲ್ಲ ಬರೆಯದೆ ಹೀಗೆ ನೇರವಾಗಿ ಕೇಳಿ: ‘ಈ ಕೆಳಗಿನ ಆರ್.ಆರ್. ನಂಬರಿನ ಸ್ಥಾವರದ ಮೇಲೆ ಜಮೆಯಿರುವ ಭದ್ರತಾ ಠೇವಣಿಯ ಮೊತ್ತ, ಪ್ರತಿ ಜಮೆಯ ದಿನಾಂಕ, ಕಡಿತದ ದಿನಾಂಕ, ಠೇವಣಿಯನ್ನು ಈಗಾಗಲೇ ಯಾರಿಗಾದರೂ ಮರುಪಾವತಿ ಮಾಡಿದ್ದರೆ ಅದರ ವಿವರ, ಇವುಗಳ ದಾಖಲೆಯ ಪ್ರತಿಗಳನ್ನು ಒದಗಿಸಿ.’ ಕೊನೆಯ ಅಂಶ ನಿಮ್ಮ ವಿಷಯದಲ್ಲಿ ಬಹಳ ಮುಖ್ಯ. ಒಪ್ಪಂದದ ಸಮಯದಲ್ಲಿ ನೀವು ಬಿಲ್ಡರಿಗೆ ಅಧಿಕಾರಪತ್ರ ಬರೆದುಕೊಟ್ಟಿದ್ದರೆ, ಅದರ ಮೇಲೆ ಅವರೇ ಸಂಪರ್ಕ ಕಡಿತ ಮಾಡಿಸಿ ಠೇವಣಿ ಪಡೆದಿರುವ ಸಾಧ್ಯತೆಯೂ ಉಂಟು. ಹಾಗಿದ್ದರೆ ನಿಮ್ಮ ಹಣವನ್ನು ಕೇಳಬೇಕಾದದ್ದು ಅವರನ್ನು.

ದಾಖಲೆ ಸಿಕ್ಕಿಯೂ ಹಣ ಬಾರದಿದ್ದರೆ, ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಕೊಡಬಹುದು. ಅಲ್ಲಿಯ ತೀರ್ಮಾನ ಸರಿಯೆನಿಸದಿದ್ದರೆ ಬೆಂಗಳೂರಿನಲ್ಲಿರುವ ವಿದ್ಯುತ್ ಒಂಬುಡ್ಸ್‌ಮನ್ ಅವರ ಮುಂದೆ ಹೋಗಬಹುದು. ಇವೆರಡನ್ನೂ ವಿದ್ಯುತ್ ಕಾಯ್ದೆಯ 42ನೇ ಕಲಮೇ ಏರ್ಪಡಿಸಿದೆ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು, ತಡವಾದರೆ ತಕ್ಕ ಕಾರಣ ತೋರಿಸಬೇಕು. ಕೆಲವು ಸಾವಿರ ರೂಪಾಯಿಗಾಗಿ ಇಷ್ಟೆಲ್ಲ ಏಕೆ ಎಂದು ಅನೇಕರು ಕೈಬಿಡುತ್ತಾರೆ. ಪಿಂಚಣಿಯಲ್ಲಿ ಬದುಕುವ ಮನೆಗೆ ಆ ಕೆಲವು ಸಾವಿರವೇ ಒಂದು ತಿಂಗಳ ಔಷಧಿಯ ಖರ್ಚು, ಕೇಳುವುದಕ್ಕೆ ಸಂಕೋಚಪಡಬೇಡಿ.

ಪ್ರಶ್ನೆ: ತಂದೆಯವರು ತೀರಿಕೊಂಡು ನಾಲ್ಕು ವರ್ಷವಾಯಿತು. ಊರಿನ ಮನೆಯನ್ನು ನಾವು ಮೂವರು ಮಕ್ಕಳು ಕೂಡಿ ಮಾರಿದೆವು. ವಿದ್ಯುತ್ ಸಂಪರ್ಕ ತಂದೆಯ ಹೆಸರಿನಲ್ಲಿಯೇ ಇತ್ತು. ಅದರ ಠೇವಣಿ ನಮಗೆ ಬರುತ್ತದೆಯೇ, ಕೊಂಡವರಿಗೆ ಸೇರುತ್ತದೆಯೇ?
— ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಕ್ರಯಪತ್ರವನ್ನು ಒಮ್ಮೆ ಗಮನವಿಟ್ಟು ಓದಿ. ಮನೆಯೊಂದಿಗೆ ವಿದ್ಯುತ್ ಮತ್ತು ನೀರಿನ ಸಂಪರ್ಕಗಳನ್ನೂ ಅವುಗಳ ಠೇವಣಿಯನ್ನೂ ಕೊಂಡವರಿಗೆ ಬಿಟ್ಟುಕೊಟ್ಟಿದ್ದೇವೆ ಎಂಬ ಸಾಲನ್ನು ಪತ್ರಬರಹಗಾರರು ಅನೇಕ ಸಲ ರೂಢಿಯಂತೆ ಸೇರಿಸಿರುತ್ತಾರೆ. ಹಾಗೆ ಬರೆದಿದ್ದರೆ ನೀವು ಕೇಳಲು ಏನೂ ಉಳಿಯುವುದಿಲ್ಲ. ಅಂಥ ಸಾಲಿಲ್ಲದಿದ್ದರೆ, ಕೊಂಡವರು ಹೆಸರು ಬದಲಾವಣೆಗೆ ಹೇಗೆ ಅರ್ಜಿ ಕೊಟ್ಟರೆಂಬುದರ ಮೇಲೆ ಉತ್ತರ ನಿಂತಿದೆ. ಹಳೆಯ ಠೇವಣಿ ತಮ್ಮ ಹೆಸರಿಗೆ ವರ್ಗವಾಗಲು ಅವರಿಗೆ ನಿಮ್ಮ ಒಪ್ಪಿಗೆ ಪತ್ರ ಬೇಕಾಗಿತ್ತು. ನೀವು ಸಹಿ ಹಾಕಿ ಕೊಟ್ಟಿದ್ದರೆ ಹಣ ಅವರ ಖಾತೆಗೆ ಸೇರಿದೆ. ನೀವು ಕೊಟ್ಟಿಲ್ಲದೆ ಅವರು ಹೊಸದಾಗಿ ಠೇವಣಿ ಕಟ್ಟಿದ್ದರೆ, ತಂದೆಯವರ ಠೇವಣಿ ಅವರ ವಾರಸುದಾರರದ್ದು.

ವಾರಸುದಾರರಾಗಿ ಕೇಳುವಾಗ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ದೃಢೀಕರಣ, ಮೂವರ ಗುರುತಿನ ಚೀಟಿ, ಒಬ್ಬರ ಹೆಸರಿಗೆ ಹಣ ಕೊಡಲು ಉಳಿದಿಬ್ಬರ ಒಪ್ಪಿಗೆ, ಆ ಒಬ್ಬರ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಇಷ್ಟನ್ನು ಸಿದ್ಧಮಾಡಿಕೊಳ್ಳಿ. ಮೂಲ ರಸೀದಿ ಕಳೆದಿದ್ದರೆ ಸ್ಟ್ಯಾಂಪ್ ಕಾಗದದ ಮೇಲೆ ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆ) ಕೇಳುವುದು ವಾಡಿಕೆ. ತಾಯಿಯವರು ಬದುಕಿದ್ದರೆ ಅವರೂ ವಾರಸುದಾರರೇ. ಅರ್ಜಿ ಅವರ ಹೆಸರಿನಲ್ಲೇ ಹೋಗುವುದು ಒಳ್ಳೆಯದು. ತಂದೆಯವರ ಹೆಸರಿಗೇ ಚೆಕ್ ಬರೆದು ಕಳುಹಿಸಿಬಿಟ್ಟರೆ ಅದನ್ನು ಬ್ಯಾಂಕಿಗೆ ಹಾಕದೆ, ಮರಣ ಪ್ರಮಾಣಪತ್ರದೊಡನೆ ಹಿಂದಿರುಗಿಸಿ ಹೊಸ ಚೆಕ್ ಕೇಳಿ. ಚೆಕ್ಕಿನ ಅವಧಿ 2012ರ ಏಪ್ರಿಲ್‌ನಿಂದ ಮೂರು ತಿಂಗಳು ಮಾತ್ರ. ಹಳೆಯ ವಿಳಾಸಕ್ಕೆ ಹೋಗಿ ಯಾರೂ ತೆಗೆದುಕೊಳ್ಳದೆ ಅವಧಿ ಮುಗಿದ ಚೆಕ್ ಕೂಡ ಸತ್ತ ಹಣವಲ್ಲ, ಅದರ ಬದಲಿಗೆ ಬೇರೊಂದನ್ನು ಕೇಳಬಹುದು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆರು ವರ್ಷ ಬಾಡಿಗೆಗಿದ್ದೆವು. ಕರೆಂಟ್ ಬಿಲ್ಲಿನಲ್ಲಿ ಬಂದ ಹೆಚ್ಚುವರಿ ಠೇವಣಿಯನ್ನು ಎರಡು ಸಲ ನಾವೇ ಕಟ್ಟಿದ್ದೇವೆ. ಮನೆ ಬಿಟ್ಟ ಮೇಲೆ ಆ ಹಣ ನಮಗೆ ಸಿಗುವುದೇ?
— ಖಾಸಗಿ ಉದ್ಯೋಗಿ, ಬೆಳಗಾವಿ

ಉತ್ತರ: ಕಂಪನಿಯಿಂದ ಸಿಗುವುದಿಲ್ಲ, ಏಕೆಂದರೆ ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆಯೋ ಅವರೇ ಕಂಪನಿಯ ಗ್ರಾಹಕರು. ನೀವು ಕಟ್ಟಿದ್ದು ಮನೆಯ ಮಾಲೀಕರ ಖಾತೆಗೆ ಜಮೆಯಾಗಿದೆ. ನ್ಯಾಯವಾಗಿ ಅದನ್ನು ಅವರು ನಿಮಗೆ ಕೊಡಬೇಕು. ಬಿಲ್ಲಿನಲ್ಲಿ ಠೇವಣಿಯ ಮೊತ್ತ ಪ್ರತ್ಯೇಕ ಸಾಲಿನಲ್ಲಿರುತ್ತದೆ. ಆ ಬಿಲ್ ಮತ್ತು ನಿಮ್ಮ ಖಾತೆಯಿಂದ ಹಣ ಹೋದದ್ದರ ದಾಖಲೆ ತೋರಿಸಿ ಕೇಳಿ. ಮೀಟರ್ ರೀಡರ್ ಕೊಡುವ ಬಿಲ್ಲಿನ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಆದ್ದರಿಂದ ಠೇವಣಿ ಕೇಳಿದ ಬಿಲ್ ಬಂದ ದಿನವೇ ಅದರ ಫೋಟೊ ಅಥವಾ ಜೆರಾಕ್ಸ್ ಮಾಡಿಟ್ಟುಕೊಳ್ಳಬೇಕು. ಈಗ ಇರುವ ಮನೆಯ ಬಾಡಿಗೆ ಕರಾರಿನಲ್ಲಿ ಹೆಚ್ಚುವರಿ ಠೇವಣಿ ಕಟ್ಟುವ ಹೊಣೆ ಮಾಲೀಕರದ್ದೆಂದು ಒಂದು ಷರತ್ತು ಬರೆಸಿಬಿಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಪೈಪಿನ ಗ್ಯಾಸ್ ಬಂದಿದೆ. ಎರಡು ಸಿಲಿಂಡರ್ ಮನೆಯಲ್ಲಿ ಹಾಗೇ ಕುಳಿತಿವೆ. ಅವನ್ನು ಒಪ್ಪಿಸಿದರೆ ಈಗಿನ ದರದಲ್ಲಿ ಠೇವಣಿ ಕೊಡುತ್ತಾರೆಯೇ?
— ಓದುಗರು, ಬೆಂಗಳೂರು

ಉತ್ತರ: ಈಗಿನ ದರದಲ್ಲಿ ಅಲ್ಲ, ಸಂಪರ್ಕ ಪಡೆದಾಗ ನೀವು ಕಟ್ಟಿದಷ್ಟೇ ಮರಳಿ ಬರುತ್ತದೆ. 14.2 ಕಿಲೋ ಸಿಲಿಂಡರಿನ ಠೇವಣಿಯನ್ನು 2022ರ ಜೂನ್‌ನಲ್ಲಿ 1,450 ರೂಪಾಯಿಯಿಂದ 2,200ಕ್ಕೆ, ರೆಗ್ಯುಲೇಟರಿನದನ್ನು 150ರಿಂದ 250ಕ್ಕೆ ಏರಿಸಿದರು. ಅದಕ್ಕೂ ಮುಂಚೆ ಸಂಪರ್ಕ ಪಡೆದವರಿಗೆ ಹಳೆಯ ಮೊತ್ತವೇ ಅನ್ವಯಿಸುತ್ತದೆ. ಆ ಮೊತ್ತ ಸಬ್‌ಸ್ಕ್ರಿಪ್ಷನ್ ವೋಚರಿನಲ್ಲಿ, ಅಂದರೆ ಏಜೆನ್ಸಿಯವರು ‘ಎಸ್.ವಿ. ಪೇಪರ್’ ಎನ್ನುವ ಕಾಗದದಲ್ಲಿ, ನಮೂದಾಗಿರುತ್ತದೆ. ಎರಡನೇ ಸಿಲಿಂಡರನ್ನು ಆಮೇಲೆ ಪಡೆದಿದ್ದರೆ ಅದಕ್ಕೆ ಬೇರೆ ವೋಚರ್ ಇರುತ್ತದೆ, ಎರಡನ್ನೂ ಒಯ್ಯಿರಿ. ರೆಗ್ಯುಲೇಟರನ್ನು ಮರೆಯಬೇಡಿ. ಏಜೆನ್ಸಿಯವರು ಇವನ್ನು ಪಡೆದು ಟರ್ಮಿನೇಷನ್ ವೋಚರ್ ಕೊಟ್ಟು ಹಣ ಮರಳಿಸುತ್ತಾರೆ. ಉಜ್ವಲ ಯೋಜನೆಯಲ್ಲಿ ಸಂಪರ್ಕ ಪಡೆದವರು ಠೇವಣಿ ಕಟ್ಟಿರುವುದಿಲ್ಲವಾದ್ದರಿಂದ ಅವರಿಗೆ ಮರುಪಾವತಿ ಇಲ್ಲ. ಬಳಸದ ತುಂಬಿದ ಸಿಲಿಂಡರುಗಳನ್ನು ಮನೆಯೊಳಗೆ ವರ್ಷಗಟ್ಟಲೆ ಇಟ್ಟುಕೊಳ್ಳುವುದು ಅಪಾಯ. ಹಣಕ್ಕಾಗಿ ಅಲ್ಲದಿದ್ದರೂ ಸುರಕ್ಷತೆಗಾಗಿ ಬೇಗ ಒಪ್ಪಿಸಿ.

ಪ್ರಶ್ನೆ: ಟೆಲಿಕಾಂ ಇಲಾಖೆಯಿದ್ದಾಗ ಪಡೆದ ಲ್ಯಾಂಡ್‌ಲೈನ್ ಫೋನು ಹಾಳಾಗಿ ಬಿದ್ದಿದೆ. ಅದರ ಠೇವಣಿ?
— ಕೃಷಿಕರು, ತೀರ್ಥಹಳ್ಳಿ

ಉತ್ತರ: 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವೆ ಬಿಎಸ್‌ಎನ್‌ಎಲ್‌ಗೆ ಬಂತು, ಆದ್ದರಿಂದ ಅದರ ಗ್ರಾಹಕ ಸೇವಾ ಕೇಂದ್ರದಲ್ಲಿ ಕೇಳಿ. ಫೋನು ಕೆಟ್ಟು ನಿಂತಿದ್ದರೆ ಸಂಪರ್ಕ ರದ್ದಾಯಿತೆಂದು ಅರ್ಥವಲ್ಲ. ಬರಹದಲ್ಲಿ ರದ್ದತಿ ಕೋರಿ, ಉಪಕರಣ ಒಪ್ಪಿಸಿ ರಸೀದಿ ಪಡೆಯಿರಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2009ರಲ್ಲಿ ರೂಪಿಸಿದ ಗುಣಮಟ್ಟದ ನಿಯಮಾವಳಿಯಲ್ಲಿ ಸಂಪರ್ಕ ಮುಚ್ಚಿದ 60 ದಿನಗಳೊಳಗೆ ಠೇವಣಿ ಮರಳಿಸಬೇಕೆಂಬ ಮಾನದಂಡವಿತ್ತು. ಟೆಲಿಕಾಂ ಕಂಪನಿಗಳು ಗ್ರಾಹಕರಿಗೆ ತಲುಪಿಸಲಾಗದೆ ಉಳಿದ ಹಣವನ್ನು 2007ರಲ್ಲಿ ಟ್ರಾಯ್ ಸ್ಥಾಪಿಸಿದ ಗ್ರಾಹಕರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಸೇರಿಸುವ ವ್ಯವಸ್ಥೆಯಿದೆ. ನಿಮ್ಮ ಹಣ ಅತ್ತ ಹೋಗುವ ಮುನ್ನ ನೀವೇ ಕೇಳುವುದು ಲೇಸು.

ಪ್ರಶ್ನೆ: ನಮ್ಮ ಮಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿ ಹಿಂದಿರುಗಿದ್ದಾನೆ. ಅಲ್ಲಿಯ ವಿದ್ಯುತ್ ಕಂಪನಿಯಿಂದ ಬರಬೇಕಿದ್ದ ಠೇವಣಿ ಬಂದಿಲ್ಲವಂತೆ. ಹುಡುಕಿಕೊಡುತ್ತೇವೆ, ಕಮಿಷನ್ ಕೊಡಿ ಎಂದು ಒಬ್ಬರು ಪತ್ರ ಬರೆದಿದ್ದಾರೆ.
— ಓದುಗರು, ಮೈಸೂರು

ಉತ್ತರ: ಅಮೆರಿಕದಲ್ಲಿ ಇಂಥ ಹಣ ಕಂಪನಿಯಲ್ಲೇ ಉಳಿಯುವುದಿಲ್ಲ. ಗ್ರಾಹಕರು ಪಡೆಯದೆ ಬಿಟ್ಟ ಠೇವಣಿಯನ್ನು ಗೊತ್ತಾದ ಅವಧಿ ಕಳೆದ ಮೇಲೆ ಕಂಪನಿ ತನ್ನ ರಾಜ್ಯ ಸರ್ಕಾರಕ್ಕೆ ಒಪ್ಪಿಸಬೇಕು. ಹಲವು ರಾಜ್ಯಗಳಲ್ಲಿ ಈ ಬಗೆಯ ಠೇವಣಿಗೆ ಆ ಅವಧಿ ಒಂದೇ ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಅದು ಸ್ಟೇಟ್ ಕಂಟ್ರೋಲರ್ ಅವರ ವಶದಲ್ಲಿರುತ್ತದೆ. ಅವರ ಅಧಿಕೃತ ಜಾಲತಾಣದಲ್ಲಿ ಹೆಸರು ಮತ್ತು ಹಳೆಯ ಊರನ್ನು ಕೊಟ್ಟು ಹುಡುಕಲು ಹಣ ಕೊಡಬೇಕಿಲ್ಲ, ಕೋರಿಕೆ ಸಲ್ಲಿಸಲೂ ಶುಲ್ಕವಿಲ್ಲ, ಕಾಲಮಿತಿಯೂ ಇಲ್ಲ. ಅಲ್ಲಿಯ ದಾಖಲೆಯಲ್ಲಿ ನಿಮ್ಮ ಮಗನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ ಇರದೆ, ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ಸೇರಿರಬಹುದು. ನಮ್ಮವರ ಹೆಸರುಗಳಿಗೆ ಅಲ್ಲಿ ಇದು ಬಹಳ ಆಗುತ್ತದೆ, ಆದ್ದರಿಂದ ಎಲ್ಲ ಬಗೆಯಲ್ಲೂ ಹುಡುಕಬೇಕು. ಹಳೆಯ ವಿಳಾಸ ತೋರಿಸುವ ಬಿಲ್ ಅಥವಾ ಬಾಡಿಗೆ ಕರಾರು ಇಟ್ಟುಕೊಂಡಿದ್ದರೆ ಕೆಲಸ ಸುಲಭ. ಹುಡುಕಿಕೊಡುವವರು ಅಲ್ಲಿ ಕಾನೂನುಬದ್ಧವಾಗಿಯೇ ಇದ್ದಾರೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಅವರು ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಮಗನೇ ಮಾಡಬಹುದಾದ ಕೆಲಸಕ್ಕೆ ಅದನ್ನೂ ಕೊಡುವ ಅವಶ್ಯಕತೆ ಕಾಣುವುದಿಲ್ಲ.

ಪ್ರಶ್ನೆ: ‘ನಿಮ್ಮ ಹಳೆಯ ವಿದ್ಯುತ್ ಖಾತೆಯ ರೀಫಂಡ್ ಮಂಜೂರಾಗಿದೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂದು ವಾಟ್ಸ್‌ಆ್ಯಪ್‌ಗೆ ಬಂದಿದೆ. ನಂಬಬಹುದೇ?
— ವ್ಯಾಪಾರಿ, ಹಾಸನ

ಉತ್ತರ: ನಂಬಬೇಡಿ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡುವ ಅಥವಾ ಯುಪಿಐ ಪಿನ್ ಒತ್ತುವ ಅಗತ್ಯ ಯಾವತ್ತೂ ಇರುವುದಿಲ್ಲ; ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ. ನಿಜವಾದ ಮರುಪಾವತಿ ನೀವು ಕೊಟ್ಟ ಅರ್ಜಿಯ ಮೇಲೆ, ನೀವು ಕೊಟ್ಟ ಬ್ಯಾಂಕ್ ಖಾತೆಗೆ ಬರುತ್ತದೆ. ಅರ್ಜಿಯನ್ನೇ ಕೊಡದವರಿಗೆ ಮಂಜೂರಾಗುವುದಾದರೂ ಹೇಗೆ? ಅನುಮಾನವಿದ್ದರೆ ಉಪವಿಭಾಗ ಕಚೇರಿಗೆ ಹೋಗಿ ಕೇಳಿ, ಇಲ್ಲವೇ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ದಾಟದಂತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.